ಏರಿ ಒಡೆಯುವ ಜಾಗ

ನದಿ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದರೊಳಗೆ ಒಂದು ಪ್ರಳಯ ತಯಾರಾಗುತ್ತಿತ್ತು.

ತಯಾರಿಸುತ್ತಿದ್ದವರು ನೀಲಕಂಠಾಚಾರ್ರು. ನಲವತ್ತು ವರ್ಷದಿಂದ ಸಿನಿಮಾಗಳಿಗೆ ಪುಟ್ಟ ಪುಟ್ಟ ಊರು ಕಟ್ಟಿ ಮುಳುಗಿಸಿದವರು, ಪುಟ್ಟ ಪುಟ್ಟ ಕೋಟೆ ಕಟ್ಟಿ ಸುಟ್ಟವರು. ಪರದೆಯ ಮೇಲೆ ಅವನ್ನು ನೋಡಿದ ಜನ ನಿಜವೆಂದೇ ನಂಬಿ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು.

ಅವರ ಶಿಷ್ಯ ಕೆಂಪರಾಜ. ಹನ್ನೊಂದು ವರ್ಷದಿಂದ ಅವರ ಜೊತೆ ಮಣ್ಣು ತಟ್ಟುತ್ತಿದ್ದ.

ಆಚಾರ್ರ ಬಳಿ ಹುಣಸೆ ಮರದ ಒಂದು ಹಲಗೆ ಇತ್ತು. ಅಂಗೈಯಷ್ಟು ಅಗಲ, ಗೇಣುದ್ದದ ಹಿಡಿ. ಮಣ್ಣು ತಟ್ಟಿ ನುಣುಪು ಮಾಡುವುದಕ್ಕೆ ಅವರು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ನಾಟಕದ ಕಂಪನಿಯಲ್ಲಿ ಸೀನು ಕಟ್ಟುತ್ತಿದ್ದ ಅವರ ಗುರು ಕೊಟ್ಟು ಹೋದದ್ದು ಅದು. ಇಬ್ಬರ ಹೆಬ್ಬೆರಳೂ ಊರಿ ಊರಿ ಹಿಡಿಯ ಮೇಲೆ ಗುಳಿ ಬಿದ್ದಿತ್ತು.

ಆ ವರ್ಷ ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಕೊಡುತ್ತ ಆಚಾರ್ರು ಹೇಳಿದ್ದರು: "ಕೈ ನಡುಗ್ತಿದೆ ಕಣಯ್ಯ. ಈ ವರ್ಷ ಹಲಗೆ ಬೇರೆ ಕೈಗೆ ಹೋಗಬೇಕು."

ಬೇರೆ ಕೈ ಎಂದರೆ ತನ್ನ ಕೈ ಎಂದು ಕೆಂಪರಾಜ ತಿಳಿದುಕೊಂಡ. ಶೆಡ್ಡಿನಲ್ಲಿ ಮತ್ತೆ ಇನ್ಯಾರಿದ್ದರು?

ಆಮೇಲೆ ಮುಬೀನಾ ಬಂದಳು.

ಹೆಗಲಿಗೆ ಕಂಪ್ಯೂಟರಿನ ಚೀಲ, ಕೈಯಲ್ಲಿ ಊಟದ ಡಬ್ಬಿ. ಅವಳನ್ನು ಕಳಿಸಿದವರು ಆಗ ಕೆಲಸ ನಡೆಯುತ್ತಿದ್ದ ಚಿತ್ರದ ನಿರ್ದೇಶಕರು. ಚಿತ್ರದ ಕೊನೆಯಲ್ಲಿ ಕೆರೆ ಏರಿ ಒಡೆದು ಊರೊಂದು ಕೊಚ್ಚಿಹೋಗಬೇಕಿತ್ತು. ಆಚಾರ್ರು ಮಣ್ಣಿನಲ್ಲಿ ಮಾಡಲಿ, ಮುಬೀನಾ ಕಂಪ್ಯೂಟರಿನಲ್ಲಿ ಮಾಡಲಿ, ಪರದೆಯ ಮೇಲೆ ಯಾವುದು ನಿಜ ಅನ್ನಿಸುತ್ತದೋ ಅದು ಚಿತ್ರಕ್ಕೆ. ಇದು ನಿರ್ದೇಶಕರ ಮಾತು.

"ಏರಿ ಒಡೆಯೋದನ್ನ ನಾನು ಯಾವತ್ತೂ ನೋಡಿಲ್ಲ, ಮೇಷ್ಟ್ರೇ," ಎಂದಳು ಮುಬೀನಾ. "ಸ್ವಲ್ಪ ದಿನ ಇಲ್ಲಿ ಬಂದು ಕೂತ್ಕೊಳ್ಳಬಹುದಾ?"

ಕೆಂಪರಾಜನಿಗೆ ನಗು ಬಂತು. ಎದುರಾಳಿ ಬಂದು ನಮ್ಮ ಅಡುಗೆಮನೆಯಲ್ಲೇ ಮಣೆ ಕೇಳುತ್ತಿದ್ದಾಳೆ! ಮೇಷ್ಟ್ರು ಈಗ ಬಾಗಿಲು ತೋರಿಸುತ್ತಾರೆ ಎಂದು ಕಾದ.

ಆಚಾರ್ರು ಎದ್ದು ಹೋಗಿ ಒಂದು ಸ್ಟೂಲು ತಂದರು. ಹೆಗಲ ಟವಲಿನಿಂದ ಅದರ ಧೂಳು ಒರೆಸಿದರು. ಕೆಂಪರಾಜ ಕಟ್ಟುತ್ತಿದ್ದ ಏರಿಯ ಎದುರಿಗೇ ಹಾಕಿ ಅವಳನ್ನು ಕೂರಿಸಿದರು. ಆಮೇಲೆ ಬಗ್ಗಿ, ಕೈ ಚಾಚಿ, ಅವಳಿಗೆ ಮೆಲ್ಲಗೆ ಏನೋ ಹೇಳಿದರು.

ಹುಡುಗಿ ತಲೆಯಾಡಿಸಿದಳು.

ಏನು ಹೇಳಿದರೋ ಕೆಂಪರಾಜನಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಮೇಷ್ಟ್ರು ತನಗೆ ಹೇಳದ ಯಾವುದೋ ಮಾತು ಅದು ಎಂದುಕೊಂಡ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕಾಯಿತು.

ಏರಿ ಮೊಣಕಾಲೆತ್ತರ ಇತ್ತು. ಅದರ ಹಿಂದೆ ತೊಟ್ಟಿಯಷ್ಟು ಕೆರೆ, ಮುಂದೆ ಬೆಂಕಿಪೊಟ್ಟಣದಷ್ಟು ಬಾಗಿಲಿನ ಮನೆಗಳು, ಸ್ಪಂಜಿನ ಮರಗಳು, ಕಡಲೆಕಾಯಿ ಗಾತ್ರದ ಮಡಕೆಗಳು. ನಿಜದಲ್ಲಿ ಹದಿನಾರು ಅಡಿ ಇರುವುದೆಲ್ಲ ಇಲ್ಲಿ ಒಂದು ಅಡಿ. ಒಡೆಯುವುದು ಒಂದೇ ಸಲ. ತಪ್ಪಿದರೆ ಮತ್ತೆ ಕಟ್ಟುವಷ್ಟು ದಿನ ಇರಲಿಲ್ಲ.

ಏರಿಯ ಬುಡದಲ್ಲಿ ಒಂದು ಗುಟ್ಟಿತ್ತು. ಅಲ್ಲೊಂದು ಕಡೆ, ಮುಷ್ಟಿಯಷ್ಟು ಜಾಗದಲ್ಲಿ, ಮಣ್ಣಿನ ಬದಲು ಉಪ್ಪು ಬೆರೆಸಿದ ಮರಳು, ಮುಬೀನಾ ಬರುವ ಮೊದಲೇ ತುಂಬಿಟ್ಟದ್ದು. ಕೆರೆ ತುಂಬಿದಾಗ ನೀರು ಅಲ್ಲಿಗೆ ಹತ್ತಿ ಉಪ್ಪು ಕರಗುತ್ತದೆ. ಮೊದಲು ಒಂದು ಒದ್ದೆ ಕಲೆ. ಆಮೇಲೆ ದಾರದಷ್ಟು ಜಿನುಗು. ಆಮೇಲೆ ಏರಿ ಸುಸ್ತಾದವರ ಹಾಗೆ ಒಮ್ಮೆ ಕುಸಿದು ಕೂರುತ್ತದೆ, ಕೊನೆಗೆ ಬಾಯಿ ಬಿಡುತ್ತದೆ. ನಿಜವಾದ ಏರಿಗಳೂ ಎಷ್ಟೋ ಸಲ ಹಾಗೆಯೇ ಒಡೆಯುತ್ತವೆ, ಬುಡದಿಂದ.

ಮಣ್ಣು ಹದವಾಗಲೆಂದು ಏರಿಯ ಹಿಂದಿನ ಕೆರೆಯಲ್ಲಿ ಎರಡು ಬೆರಳು ನೀರು ಸದಾ ನಿಲ್ಲಿಸಿರುತ್ತಿದ್ದರು. ಉಪ್ಪು ಇದ್ದದ್ದು ಅದಕ್ಕಿಂತ ಸ್ವಲ್ಪ ಮೇಲೆ. ತೇವ ಅಲ್ಲಿಗೆ ಮೊದಲೇ ಏರಿಬಿಟ್ಟರೆ ಕೆಲಸ ಕೆಟ್ಟಿತು. ಅದಕ್ಕೆಂದು ಆಚಾರ್ರ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಬಂದವರು ಮೊದಲು ಏರಿಯ ಬುಡಕ್ಕೆ ಕೈ ಮಗುಚಿ ತಾಗಿಸಿ ನೋಡಬೇಕು. ಕೆಲಸ ಮಾಡಿದ ಅಂಗೈಗೆ ತೇವ ತಿಳಿಯುವುದಿಲ್ಲ, ಕೈಯ ಹಿಂಬದಿಗೆ ತಿಳಿಯುತ್ತದೆ.

ಕೆಂಪರಾಜ ಅದನ್ನು ಹಲ್ಲುಜ್ಜಿದಷ್ಟೇ ಸಹಜವಾಗಿ ಮಾಡುತ್ತಿದ್ದ. ಮಾಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಮೂರನೆಯ ದಿನ ಆಚಾರ್ರು ಮುಬೀನಾಳ ಕೈಗೆ ಹಲಗೆ ಕೊಟ್ಟರು.

"ಹಿಡಿದು ನೋಡಮ್ಮ. ಮಣ್ಣು ಎಷ್ಟು ಎದುರು ಮಾತಾಡುತ್ತೆ ಗೊತ್ತಾಗಲಿ."

ಅವಳು ಏರಿಯ ತುದಿಯಲ್ಲಿ ನಾಲ್ಕು ಸಲ ತಟ್ಟಿದಳು. "ಅಯ್ಯೋ, ಇಷ್ಟು ಭಾರನಾ!" ಎಂದು ನಕ್ಕಳು. ಆಚಾರ್ರೂ ನಕ್ಕರು.

ಕೆಂಪರಾಜನಿಗೆ ಆ ಹಲಗೆ ಮುಟ್ಟಲು ಸಿಕ್ಕಿದ್ದು ನಾಲ್ಕನೆಯ ವರ್ಷ. ಅದೂ ತೊಳೆದಿಡುವುದಕ್ಕೆ.

ಅವಳು ಹೋದ ಮೇಲೆ ಅವನು ಹಲಗೆಯನ್ನು ಮೂರು ಸಲ ತೊಳೆದ. ಮುಬೀನಾಳ ಕೈ ಚೊಕ್ಕಟವಾಗಿಯೇ ಇತ್ತು. ತೊಳೆಯಬೇಕಾದದ್ದು ಬೇರೆ ಎಲ್ಲೋ ಇತ್ತು, ಅಲ್ಲಿಗೆ ನೀರು ಹೋಗುತ್ತಿರಲಿಲ್ಲ.

ಮರುದಿನ ಸಂಜೆ, ಅವಳು ಹೋದ ಮೇಲೆ, ಅವನು ಕೇಳಿಯೇಬಿಟ್ಟ.

"ಮೇಷ್ಟ್ರೇ, ಅವಳನ್ನ ಯಾಕೆ ಒಳಗೆ ಬಿಟ್ಟುಕೊಂಡ್ರಿ? ನಮ್ಮ ಕಸುಬು ಮುಗಿಸೋಕೆ ಬಂದವಳು ಅವಳು."

"ಕಸುಬು ಮುಗಿಸೋಕೆ ಬಂದವಳು ಬೆಳಿಗ್ಗೆ ಎಂಟಕ್ಕೇ ಬಂದು ಕೂತ್ಕೋತಾಳಾ?"

"ಅವಳ ನೀರಿಗೂ ನಮ್ಮ ನೀರಿಗೂ ಎಲ್ಲಿಯ ಹೋಲಿಕೆ? ಅವಳ ನೀರಲ್ಲಿ ಕೈ ಅದ್ದಿದ್ರೆ ಕೈ ಒದ್ದೆ ಆಗಲ್ಲ."

"ನಿನ್ನ ಪ್ರಳಯದಲ್ಲಿ ಇಲ್ಲಿವರೆಗೆ ಯಾರಾದ್ರೂ ಸತ್ತಿದಾರಾ?"

ಕೆಂಪರಾಜ ಕೈಯ ಮಣ್ಣು ಉಜ್ಜಿಕೊಂಡ.

"ಅವಳದೂ ಸುಳ್ಳು, ನಿನ್ನದೂ ಸುಳ್ಳು," ಎಂದರು ಆಚಾರ್ರು. "ಸುಳ್ಳಿಗೆ ತೂಕ ಇದೆಯಾ ಅಷ್ಟೇ ನೋಡು."

"ಹಾಗಾದ್ರೆ ನಾನು ಹನ್ನೊಂದು ವರ್ಷ ಮಣ್ಣು ಹೊತ್ತಿದ್ದು ಯಾಕೆ?"

ಆಚಾರ್ರು ಒಂದು ಚೊಂಬು ಎತ್ತಿ ಅವನ ಕೈಗಿಟ್ಟರು. "ಹೊಳೆಯಿಂದ ಒಂದು ಚೊಂಬು ನೀರು ತಾ," ಎಂದರು.

ತಂದ.

"ಇದನ್ನ ಚಿಕ್ಕದು ಮಾಡು."

ಕೆಂಪರಾಜ ಅರ್ಧ ಚೊಂಬು ಚೆಲ್ಲಿದ.

"ಅದು ಕಮ್ಮಿ ಮಾಡಿದ್ದು. ಚಿಕ್ಕದು ಮಾಡು ಅಂದೆ."

ಕೆಂಪರಾಜ ಚೊಂಬನ್ನೇ ನೋಡುತ್ತ ನಿಂತ. ಆಚಾರ್ರು ಅದರಲ್ಲಿ ಬೆರಳದ್ದಿ ಪುಟ್ಟ ಮನೆಯೊಂದರ ಮೇಲೆ ಒಂದು ಹನಿ ಬೀಳಿಸಿದರು. ಹನಿ ಆ ಮನೆಯ ಕಿಟಕಿಯಷ್ಟು ದೊಡ್ಡದಿತ್ತು.

"ಮನೆ ಕುಗ್ಗಿತು. ಮರ ಕುಗ್ಗಿತು. ಏರಿ ಕುಗ್ಗಿತು. ನೀರು ಮಾತ್ರ ಕುಗ್ಗಲ್ಲ ಕಣೋ. ಕ್ಯಾಮೆರಾ ಜೋರಾಗಿ ಓಡಿಸಿ, ಆಮೇಲೆ ನಿಧಾನವಾಗಿ ತೋರಿಸಿ, ಅಷ್ಟೋ ಇಷ್ಟೋ ನಂಬಿಸ್ತೀವಿ. ಅದಕ್ಕೂ ಒಂದು ಮಿತಿ ಇದೆ."

ಕೆರೆಯ ಒಳಗೋಡೆಯ ಮೇಲೆ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆದರು.

"ನೀರು ಇಲ್ಲಿಗೆ ಬಂದಾಗ ನಿಲ್ಲಿಸು. ನಿಲ್ಲಿಸಿ ಕಾಯಿ. ಉಪ್ಪು ಕರಗೋಕೆ ಸಮಯ ಬೇಕು. ಈ ಗೆರೆ ದಾಟಿದರೆ ನಿನ್ನ ಪ್ರಳಯ ಬಚ್ಚಲ ನೀರು."

ಇದೆಲ್ಲ ಕೆಂಪರಾಜನಿಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನೇ ತನಗೆ ಹೇಳುತ್ತಾರೆ, ಗೊತ್ತಿಲ್ಲದ್ದನ್ನು ಅವಳ ಕಿವಿಯಲ್ಲಿ ಹೇಳುತ್ತಾರೆ ಎಂದು ಮತ್ತಷ್ಟು ಉರಿದ.

ಮುಬೀನಾ ದಿನವೂ ಬಂದಳು. ಸ್ಟೂಲಿನ ಮೇಲೆ ಕೂತು ನೋಡಿದಳು, ಬರೆದುಕೊಂಡಳು, ಮಧ್ಯಾಹ್ನ ಡಬ್ಬಿ ಬಿಚ್ಚಿ ಇಬ್ಬರಿಗೂ ಹಂಚಿದಳು.

"ಸ್ವಲ್ಪ ನಿಧಾನವಾಗಿ ತಟ್ಟೋ," ಎನ್ನುತ್ತಿದ್ದರು ಆಚಾರ್ರು. "ಹುಡುಗಿ ನೋಡ್ತಿದಾಳೆ."

ಕೆಂಪರಾಜ ಬೇಕೆಂದೇ ಬೇಗ ಬೇಗ ತಟ್ಟುತ್ತಿದ್ದ. ಆದರೆ ಕೆಟ್ಟದಾಗಿ ತಟ್ಟುವುದು ಅವನ ಕೈಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಚಾರ್ರು ಊಟದ ನಂತರ ಹೊಳೆಯ ಕಡೆ ಹೋಗಿದ್ದರು. ಮುಬೀನಾ ಸ್ಟೂಲು ಹತ್ತಿರ ಎಳೆದುಕೊಂಡಳು.

"ಅಣ್ಣ, ಏರಿ ಮೊದಲು ಎಲ್ಲಿ ಒಡೆಯುತ್ತೆ?"

ಕೆಂಪರಾಜ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಮೇಲೆ," ಎಂದ.

"ಮೇಲೇನಾ?"

"ಹೂಂ. ನೀರು ಉಕ್ಕಿ ನೆತ್ತಿ ದಾಟುತ್ತೆ. ಮೇಲಿಂದ ಕೆಳಕ್ಕೆ ಕೊರ್ಕೊಂಡು ಬರುತ್ತೆ."

"ಬುಡದಲ್ಲಿ ಏನೂ ಆಗಲ್ವಾ?"

"ಬುಡದಲ್ಲಿ ಏನಾಗುತ್ತೆ? ಬುಡ ಗಟ್ಟಿಯಾಗಿರುತ್ತೆ."

ಅವಳು ಬರೆದುಕೊಂಡಳು. "ಥ್ಯಾಂಕ್ಸ್ ಅಣ್ಣ," ಎಂದಳು.

ಆ 'ಅಣ್ಣ' ಅವನನ್ನು ಸ್ವಲ್ಪ ಚುಚ್ಚಿತು. ಸ್ವಲ್ಪವೇ. ಉಳಿದಂತೆ ಅವನಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾದ ಹಾಗಿತ್ತು. ಸಂಜೆ ಮನೆಗೆ ಹೋಗುವಾಗ ಸೀಟಿ ಹೊಡೆದುಕೊಂಡು ಹೋದ.

ನಲವತ್ತು ದಿನ ಕಳೆಯಿತು. ಮುಬೀನಾ ತನ್ನ ಪಾಲಿನದನ್ನು ಮುಗಿಸಿ ನಿರ್ದೇಶಕರಿಗೆ ಕೊಟ್ಟಳು. ಮರುದಿನವೇ ಮಣ್ಣಿನ ಏರಿ ಒಡೆಯುವ ದಿನ.

ಬೆಳಿಗ್ಗೆ ಕ್ಯಾಮೆರಾದವರು ಬಂದರು. ನಿರ್ದೇಶಕರು ಬಂದರು. ಮುಬೀನಾಳೂ ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಆಚಾರ್ರು ಕ್ಯಾಮೆರಾದ ಪಕ್ಕ ನಿಂತರು. ತೊಟ್ಟಿಯ ಹಿಂದೆ, ನೀರಿನ ಕೊಳಾಯಿಯ ಬಳಿ ಕೆಂಪರಾಜ ಒಬ್ಬನೇ.

ನಿರ್ದೇಶಕರು ಆಚಾರ್ರಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು: "ಹುಡುಗಿ ಮಾಡಿರೋದು ಚೆನ್ನಾಗಿದೆ ಆಚಾರ್ರೇ. ಬಹಳ ಚೆನ್ನಾಗಿದೆ."

ಕೆಂಪರಾಜ ಕೊಳಾಯಿ ತಿರುಗಿಸಿದ. ನೀರು ಏರಿತು. ಕೆಮ್ಮಣ್ಣಿನ ಗೆರೆ ಮುಟ್ಟಿತು.

ನಿಲ್ಲಿಸಬೇಕಿತ್ತು. ನಿಲ್ಲಿಸಿ ಕಾಯಬೇಕಿತ್ತು.

ಬಹಳ ಚೆನ್ನಾಗಿದೆಯಂತೆ. ಹಾಗಾದರೆ ನನ್ನದು ಅದಕ್ಕಿಂತ ದೊಡ್ಡದಾಗಲಿ, ಎಂದುಕೊಂಡ. ನೀರನ್ನೇ ಮುಟ್ಟದವಳು ನೋಡಲಿ, ನೀರು ಅಂದರೆ ಏನು ಅಂತ. ಒಂದು ಬೆರಳು ಬಿಟ್ಟ. ಎರಡು ಬೆರಳು ಬಿಟ್ಟ. ನಾಲ್ಕು ಬೆರಳು ಬಿಟ್ಟ.

ಬುಡದ ಉಪ್ಪು ಇನ್ನೂ ಕರಗಿರಲಿಲ್ಲ. ನೀರು ಏರಿಯ ನೆತ್ತಿಯನ್ನು ದಾಟಿತು. ಮೇಲಿಂದ ಕೆಳಕ್ಕೆ ಕೊರೆದುಕೊಂಡು ಬಂತು. ಅವನು ಮುಬೀನಾಳಿಗೆ ಹೇಳಿದ ಹಾಗೆಯೇ, ಒಂದಕ್ಷರ ತಪ್ಪದೆ.

ಮನೆಗಳು ಬಿದ್ದವು. ಸ್ಪಂಜಿನ ಮರಗಳು ತೇಲಿದವು. ಎಲ್ಲ ಮುಗಿಯಲು ಬಹಳ ಹೊತ್ತು ಬೇಕಾಗಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಚಾರ್ರು ನಡೆದು ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ಗೆರೆ ಎಲ್ಲಿತ್ತು?"

"ಅಲ್ಲೇ ಇತ್ತು, ಮೇಷ್ಟ್ರೇ."

"ನೀರು?"

"ನಾಲ್ಕು ಬೆರಳು ಮೇಲೆ."

"ಆ ನಾಲ್ಕು ಬೆರಳು ಯಾರಿಗೆ?"

ಉತ್ತರ ಎದುರಿಗೆ ಸ್ಟೂಲಿನ ಮೇಲೆ ಕೂತಿತ್ತು.

ಮೂರು ದಿನದ ಮೇಲೆ ಶೆಡ್ಡಿನ ಬಾಗಿಲು ಮುಚ್ಚಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರಡನ್ನೂ ತೋರಿಸಿದರು.

ಮೊದಲು ಕೆಂಪರಾಜನದು. ಹನಿಗಳು ತೆಂಗಿನಕಾಯಿಯಷ್ಟು ದಪ್ಪ. ಊರಿನ ಮೇಲೆ ಯಾರೋ ಬಕೆಟ್ಟು ಬೋರಲು ಹಾಕಿದ ಹಾಗಿತ್ತು. ಕ್ಯಾಮೆರಾದವನೊಬ್ಬ ಕೆಮ್ಮಿದ. ಕೆಂಪರಾಜನಿಗೆ ಅದು ನಗುವೇ ಎಂದು ಗೊತ್ತಾಯಿತು.

ಆಮೇಲೆ ಮುಬೀನಾಳದು.

ಕೆರೆ ತುಂಬಿತ್ತು, ಆದರೆ ಉಕ್ಕಿರಲಿಲ್ಲ. ಊರು ತನ್ನ ಪಾಡಿಗೆ ತಾನಿತ್ತು. ಏರಿಯ ಬುಡದಲ್ಲಿ ಒಬ್ಬ ಮನುಷ್ಯ, ಇರುವೆಯಷ್ಟು. ನೋಟ ಅವನ ಹತ್ತಿರ ಸರಿಯಿತು. ಅವನು ಮೊಣಕಾಲೂರಿ ಕೂತ. ಕೈಯನ್ನು ಮಗುಚಿ, ಅದರ ಹಿಂಬದಿಯನ್ನು ಏರಿಯ ಬುಡಕ್ಕೆ ತಾಗಿಸಿದ. ಒಂದು ಕ್ಷಣ ಹಾಗೇ ಇದ್ದ.

ಕೈ ತೆಗೆದ ಜಾಗದಲ್ಲಿ ಒದ್ದೆ ಕಲೆ.

ಮನುಷ್ಯ ಎದ್ದು ಊರಿನ ಕಡೆ ಓಡಿದ. ಅವನ ಹಿಂದೆ ಕಲೆ ಜಿನುಗಾಯಿತು. ಏರಿ ಒಮ್ಮೆ ಕುಸಿದು ಕೂತಿತು. ಆಮೇಲೆ ಬಾಯಿ ಬಿಟ್ಟಿತು.

ಕೆಂಪರಾಜ ತಾನು ಕೂತಿದ್ದ ಕುರ್ಚಿಯ ಕೈ ಹಿಡಿದುಕೊಂಡಿದ್ದ.

"ಇದೇ," ಎಂದರು ನಿರ್ದೇಶಕರು. ಮತ್ತೇನೂ ಹೇಳಲಿಲ್ಲ, ಎದ್ದು ಹೋದರು. ಕ್ಯಾಮೆರಾದವರೂ ಹೋದರು. ಪಂಚೆ ಬಿಚ್ಚಿದರು, ಬಾಗಿಲು ತೆರೆದರು, ಒಳಗೆ ಬಿಸಿಲು ಬಂತು. ಉಳಿದವರು ಮೂವರು.

ಕೆಂಪರಾಜ ಮುಬೀನಾಳ ಮುಂದೆ ಹೋಗಿ ನಿಂತ.

"ನಾನು ಮೇಲೆ ಅಂತ ಹೇಳಿದ್ದೆ."

"ಹೌದು ಅಣ್ಣ. ಬರೆದುಕೊಂಡಿದ್ದೆ."

"ಸುಳ್ಳು ಹೇಳಿದ್ದೆ. ಬೇಕೂಂತಲೇ ಹೇಳಿದ್ದೆ. ನಿನ್ನ ಮೇಲೆ ಹೊಟ್ಟೆಕಿಚ್ಚು ನನಗೆ."

ಮುಬೀನಾ ಕಂಪ್ಯೂಟರಿನ ಚೀಲದ ಜಿಪ್ಪನ್ನು ಹಿಂದೆ ಮುಂದೆ ಎಳೆದಳು.

"ಒಂದು ವಾರ ಮೇಲಿಂದಾನೇ ಒಡೆಸಿ ನೋಡಿದೆ," ಎಂದಳು. "ಸರಿ ಹೋಗಲಿಲ್ಲ. ಆಮೇಲೆ ಯೋಚನೆ ಮಾಡಿದೆ. ನೀವು ದಿನಾ ಬೆಳಿಗ್ಗೆ ಬಂದು ಚಪ್ಪಲಿ ಬಿಟ್ಟು, ಯಾರನ್ನೂ ಮಾತಾಡಿಸದೆ, ಮೊದಲು ಬುಡ ಮುಟ್ತಿದ್ರಿ. ಒಂದು ದಿನಾನೂ ಮೇಲೆ ಮುಟ್ಟಲಿಲ್ಲ. ಹೆದರಿಕೆ ಎಲ್ಲಿರುತ್ತೋ ಅಲ್ಲಿಗೇ ತಾನೇ ಕೈ ಹೋಗೋದು?"

ಕೆಂಪರಾಜ ತನ್ನ ಕೈ ನೋಡಿಕೊಂಡ.

"ನೀವು ಹೇಳಿದ್ದನ್ನ ಹೊಡೆದುಹಾಕಿದೆ," ಎಂದಳು. "ಸಿಟ್ಟು ಬಂತು. ಬಂದಿದ್ದು ಸುಳ್ಳಲ್ಲ. ಆದ್ರೆ ಆ ಮನುಷ್ಯನ್ನ ಮಾಡುವಾಗ ಹೋಯ್ತು."

ಅವಳು ಆಚಾರ್ರಿಗೆ ನಮಸ್ಕಾರ ಮಾಡಿ, ಸ್ಟೂಲನ್ನು ಎತ್ತಿ ಗೋಡೆ ಬದಿಗಿಟ್ಟು ಹೋದಳು.

ಒಡೆದ ಏರಿಯ ಪಕ್ಕದಲ್ಲಿ ಗುರು ಶಿಷ್ಯ ಇಬ್ಬರೂ ಕೂತರು.

"ಮೇಷ್ಟ್ರೇ, ಹಲಗೆ ಅವಳಿಗೇ ಕೊಡಿ," ಎಂದ ಕೆಂಪರಾಜ. "ಸಿಟ್ಟಿಗೆ ಹೇಳ್ತಿಲ್ಲ."

"ನಿನ್ನೆ ಕೊಟ್ಟು ನೋಡಿದೆ. ಬೇಡ ಅಂದಳು."

"ಯಾಕೆ?"

"ಹೇಳಿಕೊಟ್ಟವರ ಹತ್ತಿರಾನೇ ಇರಲಿ ಅಂದಳು."

"ಹೇಳಿಕೊಟ್ಟವರು ನೀವು. ಮೊದಲನೇ ದಿನವೇ ಅವಳ ಕಿವಿಯಲ್ಲಿ ಹೇಳಿದ್ರಿ. ನನಗೆ ಹನ್ನೊಂದು ವರ್ಷದಲ್ಲಿ ಹೇಳದ್ದನ್ನ ಹೇಳಿದ್ರಿ."

"ಹೂಂ, ಹೇಳಿದೆ."

"ಏನು ಹೇಳಿದ್ರಿ ಮೇಷ್ಟ್ರೇ?"

"ಅವನ ಕೈ ನೋಡು ಅಂದೆ."

ಕೆಂಪರಾಜನ ತಲೆ ಕೂತಲ್ಲೇ ತಗ್ಗಿತು. ಮಣ್ಣಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು, ಪಕ್ಕದಲ್ಲಿ ಇನ್ನೊಂದು.

ಆಚಾರ್ರು ಸೊಂಟದಿಂದ ಹಲಗೆ ತೆಗೆದು ಅವನ ಮುಂದೆ ಚಾಚಿದರು.

ಕೆಂಪರಾಜ ಮುಟ್ಟಲಿಲ್ಲ.

"ಸುಳ್ಳು ಹೇಳಿದ ಬಾಯಿ ಮೇಷ್ಟ್ರೇ ಇದು. ಉರಿದ ಹೊಟ್ಟೆ. ನನಗೆ ಹೇಗೆ ಕೊಡ್ತೀರಿ?"

"ಬಾಯಿಗೆ ಕೊಡ್ತಿಲ್ಲ, ಹೊಟ್ಟೆಗೂ ಕೊಡ್ತಿಲ್ಲ," ಎಂದರು ಆಚಾರ್ರು. "ಕೈ ಚಾಚು."